ಬ್ರಿಟಿಷ್ ಮ್ಯಾನೇಜರುಗಳೂ ಬೆಳಗಾವಿ ನ್ಯಾಯವೂ

ಫುಟ್ಬಾಲಿನ ಗಂಧಗಾಳಿ ಇಲ್ಲದವರ ಕೊರಳಿಗೇ ಫುಟ್ಬಾಲಿನ ಜಗಳ ಬಂದು ಬೀಳುವುದು ಹೇಗೆ ಅಂತ ನನ್ನನ್ನು ಕೇಳಿ. ಒಂದು ಸಲ ಬಿದ್ದರೆ ಆಕಸ್ಮಿಕ ಅನ್ನಬಹುದು. ನನಗೆ ಬೀಳುತ್ತಲೇ ಇರುತ್ತದೆ.

ನಾನು ಬೆಳಗಾವಿಯವಳು. ಈಗ ಟೊರೊಂಟೋ ಪಕ್ಕದ ವಾನ್‌ನಲ್ಲಿರುವ ಒಂದು ಟೈಲ್ಸ್ ವೇರ್‌ಹೌಸಿನಲ್ಲಿ ಶಿಪ್ಪಿಂಗ್ ಆಫೀಸು ನೋಡಿಕೊಳ್ಳುತ್ತೇನೆ. ಯಾವ ಟ್ರಕ್ಕು ಯಾವ ಬಾಗಿಲಿಗೆ ಬರಬೇಕು, ಯಾವ ಮಾಲು ಯಾವ ಊರಿಗೆ ಹೋಗಬೇಕು, ಇದು ನನ್ನ ಕೆಲಸ. ನನ್ನ ಮೇಜಿನ ಎಡಕ್ಕೆ ಮೇಂಟೆನೆನ್ಸ್ ರೂಮು. ಅಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮೆಕ್ಯಾನಿಕ್ ಇದ್ದಾರೆ. ಬಲಕ್ಕೆ ಕ್ವಾಲಿಟಿ ರೂಮು. ಅಲ್ಲಿ ಇಂಗ್ಲೆಂಡಿನಿಂದ ಬಂದ ಇನ್‌ಸ್ಪೆಕ್ಟರ್. ಇಬ್ಬರೂ ಅರವತ್ತು ದಾಟಿದವರು, ಇಬ್ಬರ ಮನೆಯೂ ಬರ್ಲಿಂಗ್ಟನ್ನು, ಹದಿನೆಂಟು ವರ್ಷದಿಂದ ಒಂದೇ ಕಾರಿನಲ್ಲಿ ಕೆಲಸಕ್ಕೆ ಬರುವ ಸ್ನೇಹಿತರು. ಲಂಚ್ ರೂಮಿನ ಫ್ರಿಜ್ಜಿನ ಬಾಗಿಲ ಮೇಲೆ ಇವರು ಒಂದು ಪಟ್ಟಿ ಅಂಟಿಸಿದ್ದಾರೆ: ‘ಸಾರ್ವಕಾಲಿಕ ಶ್ರೇಷ್ಠ ಬ್ರಿಟಿಷ್ ಮ್ಯಾನೇಜರುಗಳು, ಹತ್ತು ಜನ.’ ಫುಟ್ಬಾಲ್ ಟೀಮನ್ನು ನಡೆಸುವವರಿಗೆ ಅವರ ಕಡೆ ಮ್ಯಾನೇಜರ್ ಅನ್ನುತ್ತಾರಂತೆ. ನನ್ನ ಕಷ್ಟವೆಲ್ಲ ಈ ಪಟ್ಟಿಯಿಂದಲೇ ಹುಟ್ಟಿದ್ದು.

ಆ ಹತ್ತು ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರನ್ನು ಎರಡನೆಯವರಾಗಿ ಬರೆದರೂ ನನಗೆ ಫೋನ್ ಬರುತ್ತದೆ. ಇನ್ನೊಂದು ಮಾತು: ಈ ಇಬ್ಬರೂ ಮಾತಾಡುವುದು ಇಂಗ್ಲಿಷೇ. ಆದರೆ ಮೆಕ್ಯಾನಿಕ್ಕರ ಇಂಗ್ಲಿಷು ನನ್ನ ಕಿವಿಗೆ ನಮ್ಮ ಬೆಳಗಾವಿ ಮಾತಿನ ಹಾಗೆ ಬೀಳುತ್ತದೆ, ಇನ್‌ಸ್ಪೆಕ್ಟರರದ್ದು ಬೆಂಗಳೂರಿನವರ ಹಾಗೆ. ಬಿದ್ದ ಹಾಗೇ ಬರೆಯುತ್ತೇನೆ.

೧. ತೀರಿಕೊಂಡವರ ಸಹಿ

ಪಟ್ಟಿ ಅಂಟಿಸಿ ಒಂದು ವಾರವೂ ಆಗಿರಲಿಲ್ಲ. ನನ್ನ ಕೈಕೆಳಗೆ ಏಜೆನ್ಸಿಯಿಂದ ಒಬ್ಬಾಕೆ ಹೊಸದಾಗಿ ಕೆಲಸಕ್ಕೆ ಬಂದಳು. ಅಚ್ಚುಕಟ್ಟು ಹೆಣ್ಣುಮಗಳು. ವಿಟ್ಬಿಯಲ್ಲಿರುವ ನಮ್ಮದೇ ಬ್ರಾಂಚಿಗೆ ಒಂದು ಲೋಡ್ ಹೋಗಬೇಕಿತ್ತು. ಕಾಗದ ಕೊಟ್ಟು, “ಎಲ್ಲಾ ಫಿಲ್ ಮಾಡಿ ಡ್ರೈವರಿಗೆ ಕೊಡಮ್ಮ, ಮ್ಯಾನೇಜರ್ ಹೆಸರು ಬರೆಯೋದು ಮರೀಬೇಡ,” ಅಂತ ಹೇಳಿ ನಾನು ಊಟಕ್ಕೆ ಹೋದೆ.

ಅವಳಿಗೆ ಮ್ಯಾನೇಜರ್ ಯಾರು ಅಂತ ಗೊತ್ತಿಲ್ಲ. ಕೇಳೋಣ ಅಂದರೆ ಅವತ್ತು ಎಲ್ಲರೂ ಊಟಕ್ಕೆ ಹೊರಗೆ ಹೋಗಿದ್ದರು. ಲಂಚ್ ರೂಮಿಗೆ ಬಂದಳು, ಫ್ರಿಜ್ ನೋಡಿದಳು, ‘ಮ್ಯಾನೇಜರುಗಳು’ ಅಂತ ದೊಡ್ಡ ಅಕ್ಷರದಲ್ಲಿ ಇತ್ತು. ಮೊದಲನೇ ಹೆಸರು ಬರೆದುಕೊಂಡು ಹೋದಳು. ಎಷ್ಟು ಅಚ್ಚುಕಟ್ಟು ಅಂದರೆ ಸ್ಪೆಲ್ಲಿಂಗ್ ಕೂಡ ಎರಡು ಸಲ ನೋಡಿಕೊಂಡಳಂತೆ.

ಮಧ್ಯಾಹ್ನ ವಿಟ್ಬಿಯಿಂದ ಫೋನು. ಮಾಲು ಇಳಿಸಿಕೊಳ್ಳುವವರು ಒಬ್ಬ ಹಿರಿಯರು, ಅವರೂ ಇಂಗ್ಲೆಂಡಿನವರೇ. ಬಹಳ ಗಂಭೀರವಾಗಿ ಕೇಳಿದರು: “ಮೇಡಂ, ಈ ಪೇಪರ್ ಪ್ರಕಾರ ನಿಮ್ಮ ಮ್ಯಾನೇಜರ್ ಇವರೇನಾ?”

ನಾನು ಹೆಸರು ಕೇಳಿಸಿಕೊಳ್ಳದೆ, “ಹೌದು ಸರ್, ಇವತ್ತು ಬೆಳಿಗ್ಗೆ ತಾನೇ ಮಾತಾಡಿಸಿದೆ,” ಅಂದೆ.

“ಇವರು ತೀರಿಕೊಂಡಾಗ ನಾನು ರಸ್ತೆ ಬದಿಗೆ ನಿಂತು ಅತ್ತಿದ್ದೆ,” ಅಂದರು.

ಬಾಯಿಗೆ ಬಂದಷ್ಟು ಕ್ಷಮೆ ಕೇಳಿದೆ. ಕಾಗದ ವಾಪಸ್ ಕಳಿಸಿ, ಬೇರೆ ಮಾಡಿಕೊಡುತ್ತೇನೆ ಅಂದೆ.

“ವಾಪಸ್ಸಾ? ಇದಕ್ಕೆ ಫ್ರೇಮ್ ಹಾಕಿಸ್ತೀನಿ,” ಅಂದರು ಅವರು. “ಆದರೆ ಒಂದು ಮಾತು ಹೇಳ್ತೀನಿ ಮೇಡಂ, ಬೇಜಾರು ಮಾಡ್ಕೋಬೇಡಿ. ದೊಡ್ಡ ಮನುಷ್ಯರು, ನಿಜ. ನಂಬರ್ ಒನ್ ಅಲ್ಲ. ಮೂರನೇ ಜಾಗ ಕೊಡಬಹುದು.”

೨. ಗಡಿ ವಿವಾದ

ಒಂದು ದಿನ ಲಂಚ್ ರೂಮಿನಲ್ಲಿ ನಾನು ಚಪಾತಿ ಡಬ್ಬಿ ಬಿಚ್ಚುತ್ತಿದ್ದೆ. ಪಟ್ಟಿಯ ಆರನೇ ನಂಬರಿನ ಮನುಷ್ಯನ ಬಗ್ಗೆ ವಾದ ನಡೆದಿತ್ತು. ಅವರು ಬ್ರಿಟಿಷರೋ ಅಲ್ಲವೋ ಅನ್ನುವುದೇ ಪ್ರಶ್ನೆ. ಐರ್ಲೆಂಡಿನ ಉತ್ತರದ ಕಡೆಯವರಂತೆ, ಅದು ಬ್ರಿಟಿಷರದು. ಆದರೆ ಅವರ ತಾಯಿ ದಕ್ಷಿಣದವರು, ಅದು ಬೇರೆ ದೇಶ.

ಮೆಕ್ಯಾನಿಕ್ಕರು ಮೇಜು ಕುಟ್ಟಿದರು. “ಗಡಿ ಆಚೀಕಡೆ ಹುಟ್ಟ್ಯಾನೋ ಈಚೀಕಡೆ ಹುಟ್ಟ್ಯಾನೋ, ಅಷ್ಟ ಹೇಳ!”

“ಹುಟ್ಟಿದ್ದು ಈಚೆ. ಬೆಳೆದಿದ್ದು ಆಚೆ. ಆಡಿದ್ದು ಲಂಡನ್ನಲ್ಲಿ,” ಅಂದರು ಇನ್‌ಸ್ಪೆಕ್ಟರ್.

“ಹಂಗಾರ ಪಟ್ಟಿ ಬಿಟ್ಟು ತಗಿ ಅಂವನ್ನ.”

“ಅವನನ್ನ ತೆಗೆದ್ರೆ ವೇಲ್ಸ್‌ನವನನ್ನೂ ತೆಗೀಬೇಕಾಗತ್ತೆ. ಆಮೇಲೆ ನಿಮ್ಮ ಸ್ಕಾಟ್ಲೆಂಡಿನವರನ್ನೇ ಯಾಕೆ ಇಟ್ಕೋಬೇಕು?”

ಆ ಮಾತಿಗೆ ಮೆಕ್ಯಾನಿಕ್ಕರ ಮುಖ ಕೆಂಪಗಾಯಿತು. ಸ್ಕಾಟ್ಲೆಂಡಿನವರನ್ನು ತೆಗೆದರೆ ಪಟ್ಟಿಯಲ್ಲಿ ಉಳಿಯುವುದು ಫ್ರಿಜ್ಜಿನ ಮ್ಯಾಗ್ನೆಟ್ ಮಾತ್ರ ಅಂತ ಅವರ ವಾದ. ಎರಡು ದಿನ ಇದೇ ನಡೆಯಿತು. ಮೂರನೇ ದಿನ ನನಗೆ ತಡೆಯಲಿಲ್ಲ.

“ನೋಡಿ, ನಾನು ಬೆಳಗಾವಿಯವಳು,” ಅಂದೆ. “ಗಡಿ ಜಗಳ ನೋಡುತ್ತಲೇ ಬೆಳೆದವಳು. ನಮ್ಮ ಓಣಿಯಲ್ಲಿ ಒಬ್ಬರು ಬೆಳಿಗ್ಗೆ ಮರಾಠಿ ಪೇಪರ್ ಓದಿ, ಮಧ್ಯಾಹ್ನ ಕನ್ನಡದಲ್ಲಿ ಬೈದು, ರಾತ್ರಿ ಎರಡೂ ಭಾಷೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಅವರು ಯಾವ ಕಡೆಯವರು ಅಂತ ಯಾರಿಗೂ ಗೊತ್ತಾಗಲಿಲ್ಲ.”

ಇಬ್ಬರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಆಮ್ಯಾಲೆ? ನಿಮ್ಮಲ್ಲಿ ಅದನ್ನ ಹೆಂಗ ಬಗಿಹರಿಸಿದ್ರು, ತಂಗಿ?” ಅಂತ ಬಹಳ ಆಸೆಯಿಂದ ಕೇಳಿದರು ಮೆಕ್ಯಾನಿಕ್ಕರು.

“ಒಂದು ಕಮಿಟಿ ಮಾಡಿದರು.”

“ಕಮಿಟಿ ಏನು ಹೇಳ್ತು?” ಅಂದರು ಇನ್‌ಸ್ಪೆಕ್ಟರ್.

“ಹೇಳಿತು. ಅದನ್ನು ಒಪ್ಪಬೇಕೋ ಬೇಡವೋ ಅಂತ ಇನ್ನೂ ನೋಡುತ್ತಿದ್ದಾರೆ,” ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಕ್ಯಾನಿಕ್ಕರು ಎದ್ದು ಹೋಗಿ ಆರನೇ ಹೆಸರಿನ ಮುಂದೆ ಪೆನ್ಸಿಲ್ಲಿನಿಂದ ಬರೆದರು: ‘ಬೆಳಗಾವಿ.’

೩. ಹನ್ನೊಂದನೆಯವರು

ನಮ್ಮ ವೇರ್‌ಹೌಸಿಗೂ ಒಬ್ಬ ಮ್ಯಾನೇಜರ್ ಇದ್ದಾನೆ ಅಂತ ಎಲ್ಲರೂ ಮರೆತೇಬಿಟ್ಟಿದ್ದೆವು. ಹೊಸದಾಗಿ ಬಂದವನು, ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳುವವನು, ಪಾಪ. ಕ್ರಿಕೆಟ್ಟೂ ಗೊತ್ತಿಲ್ಲ, ಫುಟ್ಬಾಲೂ ಗೊತ್ತಿಲ್ಲ. ಒಂದು ದಿನ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡ.

“ನಿಮ್ಮನ್ನ ನಂಬಿ ಕೇಳ್ತಿದ್ದೀನಿ. ಫ್ರಿಜ್ ಮೇಲಿರೋ ಪಟ್ಟಿ ನೋಡಿದೆ. ಈ ಬಿಲ್ಡಿಂಗಿನಲ್ಲಿ ನನಗಿಂತ ಮುಂಚೆ ಹತ್ತು ಜನ ಮ್ಯಾನೇಜರುಗಳಿದ್ದರಾ?”

ನಾನು ನಗು ತಡೆದುಕೊಂಡು ವಿಷಯ ಬಿಡಿಸಿ ಹೇಳಿದೆ. ಅವನಿಗೆ ಅರ್ಥವೂ ಆಯಿತು. ಆದರೂ ಮುಖ ಸಪ್ಪಗೇ ಇತ್ತು. “ಹೌದು, ಹೌದು. ಆದರೂ ಜನ ದಿನಾ ಆ ಹೆಸರು ನೋಡ್ತಾರಲ್ಲ,” ಅಂದ.

ಎಲ್ಲರೂ ಮನೆಗೆ ಹೋದ ಮೇಲೆ ಹತ್ತರ ಕೆಳಗೆ ಒಂದು ಗೆರೆ ಎಳೆದು, ಹನ್ನೊಂದು ಅಂತ ಹಾಕಿ, ಅವನ ಹೆಸರು ಬರೆದೆ. ಮಾರನೇ ದಿನ ಅವನ ನಡಿಗೆಯೇ ಬೇರೆ. ಎಲ್ಲರಿಗೂ ಎರಡೆರಡು ಸಲ ಗುಡ್ ಮಾರ್ನಿಂಗ್.

ಮಧ್ಯಾಹ್ನ ನೋಡಿದರೆ ಆ ಹೆಸರಿನ ಪಕ್ಕ ಯಾರೋ ಬರೆದಿದ್ದರು: ‘ಸಬ್‌ಸ್ಟಿಟ್ಯೂಟ್.’

ಸಂಜೆ ಅವನು ನನ್ನ ಮೇಜಿನ ಹತ್ತಿರ ಬಂದ. ಕೋಪ ಬಂದಿರಬೇಕು ಅಂದುಕೊಂಡೆ. ಅವನು ಬಗ್ಗಿ ಮೆಲ್ಲಗೆ, “ಅಂದರೆ ಮೇಲಿನ ಹತ್ತರಲ್ಲಿ ಯಾರಾದರೂ ರಜೆ ಹಾಕಿದರೆ ನಾನೇ ಅಲ್ಲವಾ?” ಅಂದ.

೪. ಒಂದು ಕಾರು ಎರಡಾಯಿತು

ನಗುವ ವಿಷಯ ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಒಂದು ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಮೆಕ್ಯಾನಿಕ್ಕರು ಒಂದು ಕಾರಿನಲ್ಲಿ ಬಂದು ಇಳಿದರು, ಇನ್‌ಸ್ಪೆಕ್ಟರು ಇನ್ನೊಂದು ಕಾರಿನಲ್ಲಿ. ಪಾರ್ಕಿಂಗ್ ಲಾಟಿನ ಈ ತುದಿ ಒಬ್ಬರದು, ಆ ತುದಿ ಒಬ್ಬರದು.

ಹಿಂದಿನ ಶುಕ್ರವಾರ ಹೈವೇ ಮೇಲೆ ಮನೆಗೆ ಹೋಗುತ್ತಾ ನಂಬರ್ ಒನ್ ಯಾರು ಅನ್ನುವ ಮಾತು ಬಂದಿದೆ. ಮೆಕ್ಯಾನಿಕ್ಕರ ಆಯ್ಕೆ ಒಬ್ಬ ಸ್ಕಾಟ್ಲೆಂಡಿನವರು, ಇನ್‌ಸ್ಪೆಕ್ಟರರ ಆಯ್ಕೆ ಒಬ್ಬ ಇಂಗ್ಲೆಂಡಿನವರು. ಮಾತಿಗೆ ಮಾತು ಬೆಳೆದು, ಒಬ್ಬರು “ನಿನಗ ಫುಟ್ಬಾಲ್ ತಿಳಿಯೂದಿಲ್ಲ” ಅಂದಿದ್ದಾರೆ, ಇನ್ನೊಬ್ಬರು “ನನ್ನ ಕಾರಿಂದ ಇಳಿ” ಅಂದಿದ್ದಾರೆ. ಅದರಲ್ಲೂ ಕಾರು ಇಳಿ ಅಂದವರದಲ್ಲ, ಇನ್ನೊಬ್ಬರದು. ಆದರೂ ಜಗಳದ ಭರದಲ್ಲಿ ಕಾರಿನ ಯಜಮಾನರೇ ಇಳಿದುಬಿಟ್ಟರಂತೆ.

ಮೆಕ್ಯಾನಿಕ್ಕರು ಇನ್ನೊಂದು ತಿಂಗಳಿಗೆ ರಿಟೈರ್ ಆಗುವವರು. ಹದಿನೆಂಟು ವರ್ಷದ ಸ್ನೇಹ ಹೀಗೆ ಮುಗಿಯುತ್ತದಲ್ಲ ಅಂತ ನನಗೆ ಚಿಂತೆ. ಇಬ್ಬರೂ ಈಗ ನನ್ನ ಮೂಲಕವೇ ಮಾತಾಡುತ್ತಿದ್ದರು. ಎಡಗಡೆಯಿಂದ, “ತಂಗಿ, ಅಂವಗ ಹೇಳು, ನಾಕನೇ ಮಷೀನು ರಿಪೇರಿ ಆತು.” ಬಲಗಡೆಯಿಂದ, “ಮೇಡಂ, ಅವನಿಗೆ ಹೇಳಿ, ಕೇಳಿಸ್ತು ಅಂತ.”

ಒಂದು ವಾರ ತಡೆದುಕೊಂಡೆ. ಆಮೇಲೆ ಇಬ್ಬರನ್ನೂ ನಿಲ್ಲಿಸಿ, “ಯಾರಾದರೂ ಮೂರನೆಯವರು ತೀರ್ಪು ಹೇಳಲಿ, ಇಬ್ಬರೂ ಒಪ್ಪಿಕೊಳ್ಳಿ,” ಅಂದೆ.

ಇಬ್ಬರೂ ಒಂದೇ ಉಸಿರಿಗೆ ನನ್ನನ್ನು ತೋರಿಸಿದರು.

“ನನಗೆ ಏನೂ ಗೊತ್ತಿಲ್ಲವಲ್ಲ!”

“ಅದಕ್ಕೇ,” ಅಂದರು ಇನ್‌ಸ್ಪೆಕ್ಟರ್. “ಗೊತ್ತಿರೋವರೆಲ್ಲ ಯಾವುದಾದರೂ ಟೀಮಿನ ಕಡೆ ಇರ್ತಾರೆ.”

ಮರುದಿನದಿಂದ ನನ್ನ ಡ್ರಾಯರಿನಲ್ಲಿ ಬೆಣ್ಣೆ ಬಿಸ್ಕೀಟಿನ ಪೊಟ್ಟಣ ಹುಟ್ಟತೊಡಗಿದವು. ಅವು ಎಡಗಡೆಯವು. ಹತ್ತೂವರೆಗೆ ಕೇಳದೆಯೇ ಚಹಾ ಬರತೊಡಗಿತು. ಅದು ಬಲಗಡೆಯದು. ನಾನು ನಿಷ್ಠೆಯಿಂದ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿಂದೆ. ಎರಡೂ ಕಡೆಯ ವಾದ ಕೇಳಿ ಪುಟಗಟ್ಟಲೆ ಬರೆದುಕೊಂಡೆ. ಕೊನೆಗೆ ನನ್ನದೊಂದು ಪ್ರಶ್ನೆ ಕೇಳಿದೆ: “ಇವರಿಬ್ಬರಲ್ಲಿ ಯಾರ ಕೈಕೆಳಗೆ ಕೆಲಸ ಮಾಡೋದು ಒಳ್ಳೆಯದು?”

“ನನ್ನಾಂವ ಸಿಟ್ಟಿಗೆದ್ದರ ಕೈಗೆ ಸಿಕ್ಕಿದ್ದ ಬೀಸಿ ಒಗೀತಿದ್ದ,” ಅಂತ ಒಪ್ಪಿಕೊಂಡರು ಮೆಕ್ಯಾನಿಕ್ಕರು.

“ನಮ್ಮವನು ಬೀಸಿ ಒಗೀತಿರಲಿಲ್ಲ,” ಅಂದರು ಇನ್‌ಸ್ಪೆಕ್ಟರ್. “ತಿಂಗಳುಗಟ್ಟಲೆ ಮಾತು ಬಿಡ್ತಿದ್ದ.”

ನಾನು ಪುಸ್ತಕ ಮುಚ್ಚಿದೆ. “ಇಂಥವರಿಬ್ಬರ ಜೊತೆ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ,” ಅಂದೆ. “ಇದರಲ್ಲಿ ಶ್ರೇಷ್ಠ ಏನು ಬಂತು?”

೫. ಅವ್ವನ ತೀರ್ಪು

ಆದರೆ ತೀರ್ಪಂತೂ ಕೊಡಲೇಬೇಕಿತ್ತಲ್ಲ. ಆಗ ನಮ್ಮ ಅವ್ವ ಬೆಳಗಾವಿಯಿಂದ ಬಂದು ನಮ್ಮ ಮನೆಯಲ್ಲಿದ್ದಳು. ಎಂಬತ್ತರ ಹತ್ತಿರ. ಮನುಷ್ಯರ ಮುಖ ನೋಡಿಯೇ ಗುಣ ಹೇಳುತ್ತೇನೆ ಅನ್ನುವವಳು. ಓಣಿಯ ಎಷ್ಟೋ ಗಂಡುಗಳನ್ನು ಫೋಟೋದಲ್ಲೇ ಬೇಡ ಅಂದವಳು. ನಾನು ಹತ್ತೂ ಜನರ ಫೋಟೋ ಪ್ರಿಂಟ್ ತೆಗೆದು, ಹೆಸರು ಕತ್ತರಿಸಿ, ಅಡುಗೆಮನೆ ಟೇಬಲ್ ಮೇಲೆ ಹರಡಿದೆ. ಅವ್ವ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಳು. ನನ್ನ ಮಗಳು ಎದುರಿಗೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು.

“ಅವ್ವಾ, ಇದರಾಗ ಎಲ್ಲಾರಕಿಂತ ಶಾಣ್ಯಾ ಯಾರು, ಹೇಳು.”

ಅವ್ವ ಕನ್ನಡಕ ಏರಿಸಿಕೊಂಡಳು. ಒಂದೊಂದೇ ಫೋಟೋ ಎತ್ತಿ ನೋಡಿದಳು.

“ಇಂವ ಮನಿಯಾಗ ಊಟ ಮಾಡೂದಿಲ್ಲ. ಇಂವನ ಹೆಂಡತಿ ಪುಣ್ಯಾತಗಿತ್ತಿ, ಕೋಟಿನ ಗುಂಡಿ ಎಷ್ಟ ಛಂದ ಹಚ್ಚ್ಯಾಳ ನೋಡು. ಇಂವಗ ಹಲ್ಲು ನೋಸಾಕತ್ತೈತಿ, ಯಾರಿಗೂ ಹೇಳಿಲ್ಲ.”

ಎಂಟು ಜನ ಹೀಗೆ ಪಕ್ಕಕ್ಕೆ ಸರಿದರು. ಉಳಿದದ್ದು ಎರಡೇ: ಮೆಕ್ಯಾನಿಕ್ಕರ ಆಯ್ಕೆ, ಇನ್‌ಸ್ಪೆಕ್ಟರರ ಆಯ್ಕೆ. ಅವ್ವ ಎರಡನ್ನೂ ಬೆಳಕಿಗೆ ಹಿಡಿದಳು, ಹತ್ತಿರ ತಂದಳು, ದೂರ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಯಾಕ ನನ್ನ ಚಾಷ್ಟಿ ಮಾಡ್ತಿ? ಒಬ್ಬನ ಮನಷ್ಯಾನ ಎರಡು ಫೋಟೋ ಕೊಟ್ಟೀಯಲ್ಲ!” ಅಂದಳು.

ಮಗಳು ಪುಸ್ತಕದಿಂದ ತಲೆ ಎತ್ತಿ, “ಅಜ್ಜೀ, ದೇ ಡೋಂಟ್ ಈವನ್ ಲುಕ್ ಅಲೈಕ್!” ಅಂದಳು.

“ಸುಮ್ನಿರ, ನಿನಗ ಗೊತ್ತಾಗೂದಿಲ್ಲ,” ಅಂದಳು ಅವ್ವ. “ಇದು ಇಂವ ಗೆದ್ದ ದಿನ ತಗದದ್ದು. ಇದು ಸೋತ ದಿನ.”

ಸೋಮವಾರ ಇಬ್ಬರನ್ನೂ ಕರೆದು, ನಮ್ಮ ಅವ್ವ ಹೇಳಿದ್ದನ್ನು ಇದ್ದ ಹಾಗೇ ಹೇಳಿದೆ. ನಿಮ್ಮಿಬ್ಬರ ನಂಬರ್ ಒನ್ನುಗಳೂ ಒಬ್ಬರೇ ಅಂತೆ.

ಅಷ್ಟು ದಿನ ಮುಖ ನೋಡದಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.

“ಒಬ್ಬನ?” ಅಂದರು ಮೆಕ್ಯಾನಿಕ್ಕರು.

“ಒಬ್ಬರೇನಾ?” ಅಂದರು ಇನ್‌ಸ್ಪೆಕ್ಟರ್.

“ನಿನ್ನಾಂವಗೂ ನನ್ನಾಂವಗೂ ಏನರೆ ಹೋಲಿಕಿ ಐತೇನೋ?”

“ಏನೇನೂ ಇಲ್ಲ! ಆ ಅಜ್ಜಿಗೆ ಯಾರಾದರೂ ಸರಿಯಾಗಿ ಹೇಳಬೇಕು!”

ಆ ಶನಿವಾರ ಬೆಳಿಗ್ಗೆ ನಮ್ಮ ಮನೆ ಮುಂದೆ ಒಂದು ಕಾರು ಬಂದು ನಿಂತಿತು. ಒಂದೇ ಕಾರು. ಇಬ್ಬರೂ ಇಳಿದರು. ಕೈಯಲ್ಲಿ ಹಳೇ ಆಲ್ಬಮ್ಮು, ಪೇಪರ್ ಕಟಿಂಗು, ಒಂದು ಮಾಸಿದ ಸ್ಕಾರ್ಫು. ಅವ್ವನನ್ನು ನಡುವೆ ಕೂರಿಸಿಕೊಂಡು ಎರಡು ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಿದ್ದರು. ನಡುನಡುವೆ ಹಳೆಯ ಮ್ಯಾಚು ನೆನೆದು ಭುಜ ತಟ್ಟಿಕೊಂಡು ನಕ್ಕರು. ಅವ್ವ ಊರಿನಿಂದ ತಂದಿದ್ದ ಕುಂದಾ ಅವರ ತಟ್ಟೆಗೆ ಹಾಕುತ್ತಾ, ತಲೆ ಆಡಿಸುತ್ತಾ, “ಹೂಂ, ಹೂಂ” ಅನ್ನುತ್ತಾ ಕೇಳಿದಳು.

ಎಲ್ಲಾ ಮುಗಿದ ಮೇಲೆ ಇನ್‌ಸ್ಪೆಕ್ಟರು ಬೆವರು ಒರೆಸಿಕೊಂಡು, “ಈಗ ಅಮ್ಮನವರಿಗೆ ತಿಳೀತಾ, ಕೇಳಿ,” ಅಂದರು.

ಕೇಳಿದೆ. ಅವ್ವ ಇಬ್ಬರ ತಲೆಯನ್ನೂ ಸವರಿದಳು.

“ಛಲೋತ್ನ್ಯಾಗ ತಿಳೀತು,” ಅಂದಳು. “ಇಂವ ಅಣ್ಣ, ಇಂವ ತಮ್ಮ. ಫೋಟೋ ಮಾತ್ರ ಒಬ್ಬಂದ.”

೬. ಹಾಫ್ ಟೈಮ್ ಭಾಷಣ

ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಕಂಪನಿಯ ಪಿಕ್ನಿಕ್ಕು. ಆ ದಿನ ವಾನ್ ಬ್ರಾಂಚಿಗೂ ವಿಟ್ಬಿ ಬ್ರಾಂಚಿಗೂ ಫುಟ್ಬಾಲ್ ಮ್ಯಾಚು. ಏಳು ವರ್ಷದಿಂದ ವಿಟ್ಬಿಯವರೇ ಗೆಲ್ಲುತ್ತಾ ಬಂದಿದ್ದರು. ಈ ಸಲ ಪಿಕ್ನಿಕ್ ಇದ್ದದ್ದು ಬರ್ಲಿಂಗ್ಟನ್ನಿನಲ್ಲಿ, ಸರೋವರದ ದಂಡೆಯ ಪಾರ್ಕಿನಲ್ಲಿ. ಮೆಕ್ಯಾನಿಕ್ಕರ ರಿಟೈರ್‌ಮೆಂಟಿಗೆ ಒಂದೇ ವಾರ ಉಳಿದಿತ್ತು. “ಒಮ್ಮೆರೆ ಗೆದ್ದು ಹೋಗಬೇಕು ತಂಗಿ,” ಅಂತ ಅವರು ಅಂದದ್ದು ಕೇಳಿ ನನ್ನ ಕಣ್ಣು ತುಂಬಿತ್ತು.

ಟೀಮಿಗೆ ಮ್ಯಾನೇಜರ್ ಯಾರು ಅನ್ನುವ ಪ್ರಶ್ನೆ ಬಂತು. ಇಬ್ಬರಿಗೂ ಆಸೆ. ಒಬ್ಬರಾದರೆ ಕಾರು ಮತ್ತೆ ಎರಡಾಗುತ್ತದೆ ಅಂತ ಇಬ್ಬರಿಗೂ ಗೊತ್ತು. ಇಬ್ಬರೂ ಸೇರಿ ನನ್ನನ್ನು ನಿಲ್ಲಿಸಿದರು. “ನೀವು ಏನೂ ಮಾಡಬೇಕಾಗಿಲ್ಲ ಮೇಡಂ, ಗೆರೆ ಹತ್ತಿರ ನಿಂತು ಸಿಟ್ಟಿನಲ್ಲಿ ನೋಡ್ತಾ ಇದ್ದರೆ ಸಾಕು,” ಅಂದರು ಇನ್‌ಸ್ಪೆಕ್ಟರ್. ಎರಡು ಮಕ್ಕಳನ್ನು ಬೆಳೆಸಿದವಳು ನಾನು, ಅದು ಬರುತ್ತದೆ ಅಂದೆ.

ಊಟದ ಜವಾಬ್ದಾರಿಯೂ ನನ್ನದೇ. ಮೂವತ್ತು ಜನಕ್ಕೆ ಗಿರ್ಮಿಟ್ಟು, ಮಿರ್ಚಿ, ಸಮೋಸಾ. ಡಬ್ಬಿಗಳನ್ನೆಲ್ಲ ನಮ್ಮ ಯಜಮಾನರು ಕಾರಿನಲ್ಲಿ ತರಬೇಕಿತ್ತು. ಅವರು ಮೈಸೂರಿನವರು, ಸಾಫ್ಟ್‌ವೇರು. ಬಹಳ ಒಳ್ಳೆಯವರು, ಹೇಳಿದ್ದನ್ನು ಅರ್ಧ ಕೇಳುತ್ತಾರೆ.

ಫಸ್ಟ್ ಹಾಫ್ ಮುಗಿಯುವಷ್ಟರಲ್ಲಿ ವಿಟ್ಬಿ ಎರಡು ಗೋಲು, ನಾವು ಸೊನ್ನೆ. ನಮ್ಮ ಹುಡುಗರು ಎಂದರೆ ಫೋರ್ಕ್‌ಲಿಫ್ಟ್ ಡ್ರೈವರುಗಳು, ಪ್ಯಾಕಿಂಗ್‌ನವರು. ಎಲ್ಲರೂ ತಲೆ ತಗ್ಗಿಸಿ ಬಂದು ನನ್ನ ಸುತ್ತ ಹುಲ್ಲಿನ ಮೇಲೆ ಕುಳಿತರು. ಮ್ಯಾನೇಜರ್ ಏನಾದರೂ ಹೇಳಬೇಕಂತೆ. ಅಷ್ಟರಲ್ಲಿ ಕಿವಿಯಲ್ಲಿದ್ದ ಇಯರ್‌ಬಡ್ಡಿನಲ್ಲಿ ಯಜಮಾನರ ದನಿ ಬಂತು. ಕೂದಲು ಬಿಟ್ಟಿದ್ದೆ, ಕಿವಿಯಲ್ಲಿದ್ದದ್ದು ಯಾರಿಗೂ ಕಾಣುವಂತಿರಲಿಲ್ಲ.

“ನಾನು ಬಂದು ಅರ್ಧ ಗಂಟೆ ಆಯ್ತು ಕಣೇ. ಲೇಕ್ ಹತ್ತಿರಾನೇ ಇದ್ದೀನಿ. ನೀವೆಲ್ಲ ಎಲ್ಲಿ?”

“ಯಾವ ಊರಾಗ ಅದೀರಿ?” ಅಂದೆ.

“ವಿಟ್ಬಿ. ವಿಟ್ಬಿ ಮ್ಯಾಚು ಅಂದಿದ್ದೆಯಲ್ಲ?”

ಇಲ್ಲಿಂದ ವಿಟ್ಬಿ ಟೊರೊಂಟೋದ ಆಚೆ ತುದಿಗೆ, ನೂರು ಕಿಲೋಮೀಟರ್ ದೂರ. ದಂಡೆ ಮಾತ್ರ ಅದೇ ಸರೋವರದ್ದು. ನನಗೆ ತಲೆಯಲ್ಲಿ ಕುಕ್ಕರ್ ಸೀಟಿ ಹೊಡೆದ ಹಾಗಾಯಿತು. ಎದುರಿಗೆ ಟೀಮು ಕುಳಿತಿದೆ ಅನ್ನುವುದೇ ಮರೆತುಹೋಯಿತು.

“ನಿಮಗ ಕಿವಿ ಅದಾವೋ ಇಲ್ಲೋ?” ಅಂತ ಶುರು ಮಾಡಿದೆ. “ಮುಂಜಾನಿಂದ ಎಷ್ಟ ಸರ್ತಿ ಹೇಳೀನಿ! ಇಷ್ಟ ವರ್ಷ ಆತು, ಒಂದ ದಿನರೆ ಸರಿಯಾದ ಜಾಗಾಕ್ಕ ಸರಿಯಾದ ಹೊತ್ತಿಗೆ ಬಂದೀರೇನು? ಮೂವತ್ತು ಮಂದಿ ನಿಮ್ಮ ಮಾರಿ ನೋಡ್ಕೊಂತ ಕುಂತಾರ! ಏಳ್ರಿ! ಲೆಫ್ಟ್ ಹಿಡೀರಿ, ಲೆಫ್ಟ್! ಲೆಫ್ಟ್ ಲೇನ್ ಬಿಡಬ್ಯಾಡ್ರಿ! ಸ್ಪೀಡ್ ಮಾಡ್ರಿ! ನಡುವ ಕಾಫಿ ಗೀಫಿ ಅಂತ ಸ್ಟಾಪ್ ಮಾಡಿದ್ರ ನೋಡ್ರಿ ಮತ್ತ! ನಾನ್‌ಸ್ಟಾಪ್! ಮತ್ತ ಎಕ್ಸಿಟ್... ಎಕ್ಸಿಟ್ ಮರತ್ರ ನನಗ ಮಾರಿ ತೋರಿಸಬ್ಯಾಡ್ರಿ!”

ಮಾತಿನ ರಭಸಕ್ಕೆ ನನ್ನ ಕೈಯೂ ಬೀಸುತ್ತಿತ್ತು. ‘ಎಕ್ಸಿಟ್’ ಅಂದಾಗ ಬೆರಳು ಹೋಗಿ ನಮ್ಮ ದಢೂತಿ ಡಿಫೆಂಡರ್ ಕಡೆ ನಿಂತಿತು.

ಮಾತು ಮುಗಿಸಿ ನೋಡಿದರೆ ಟೀಮು ಪೂರ್ತಿ ಎದ್ದು ನಿಂತಿದೆ. ಒಬ್ಬೊಬ್ಬರ ಕಣ್ಣಲ್ಲೂ ಬೆಂಕಿ. ಡಿಫೆಂಡರ್ ಒಂದು ಮಾತೂ ಆಡದೆ ಜರ್ಸಿ ಬಿಚ್ಚಿ, ಪ್ಯಾಕಿಂಗಿನ ಒಬ್ಬ ಸಣಕಲನ ಕೈಗೆ ಕೊಟ್ಟು, ಹೋಗಿ ಬೆಂಚಿನ ಮೇಲೆ ಕುಳಿತ. ನಾನು ಬಾಯಿ ತೆರೆಯುವಷ್ಟರಲ್ಲಿ ವಿಸಿಲ್ ಊದಿದರು.

ಆಮೇಲೆ ನಡೆದದ್ದನ್ನು ವಿಟ್ಬಿಯವರು ಇವತ್ತಿಗೂ ಮರೆತಿಲ್ಲ. ನಮ್ಮವರು ಎಡಗಡೆಯಿಂದಲೇ ನುಗ್ಗಿದರು. ಬರೀ ಎಡಗಡೆಯಿಂದ. ವಿಟ್ಬಿಯ ಆ ಕಡೆ ಕಾಯುವವರಿಗೆ ಮೊಣಕಾಲು ನೋವಂತೆ. ಅದು ಅವರ ಹೆಂಡತಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಒಂದು ಗೋಲು ಬಂತು. ನಮ್ಮವರು ಕುಣಿಯಲಿಲ್ಲ, ನೀರೂ ಕುಡಿಯಲಿಲ್ಲ, ಚೆಂಡು ಎತ್ತಿಕೊಂಡು ಓಡಿ ನಡುವೆ ಇಟ್ಟರು. ಎರಡನೇ ಗೋಲು ಬಂತು. ಕೊನೇ ನಿಮಿಷ. ಡಿಫೆಂಡರ್ ಜಾಗಕ್ಕೆ ಹೋಗಿದ್ದ ಆ ಸಣಕಲ ಎಡಗಡೆಯಿಂದ ಬಂದ ಚೆಂಡಿಗೆ ಕಾಲು ಕೊಟ್ಟ. ಚೆಂಡು ಬಲೆಯಲ್ಲಿ! ಮೂರು–ಎರಡು!

ಮೆಕ್ಯಾನಿಕ್ಕರು ಮಗುವಿನ ಹಾಗೆ ಅತ್ತರು. ಇನ್‌ಸ್ಪೆಕ್ಟರು ಅವರನ್ನು ತಬ್ಬಿಕೊಂಡು ತಾವೂ ಅತ್ತರು. ಎಲ್ಲರೂ ಸೇರಿ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಮೈದಾನ ಸುತ್ತಿಸಿದರು. ಸೀರೆ ಉಡದೆ ಬಂದದ್ದು ಒಳ್ಳೆಯದಾಯಿತು ಅಂದುಕೊಂಡೆ.

“ಅರವತ್ತು ವರ್ಷದಾಗ ಇಂಥಾ ಹಾಫ್ ಟೈಮ್ ಭಾಷಣ ಕೇಳಿಲ್ಲ,” ಅಂದರು ಮೆಕ್ಯಾನಿಕ್ಕರು.

“ಕೇಳೋದೂ ಇಲ್ಲ,” ಅಂದರು ಇನ್‌ಸ್ಪೆಕ್ಟರ್. “ಲೆಫ್ಟ್, ಸ್ಪೀಡ್, ನಾನ್‌ಸ್ಟಾಪ್. ಅಷ್ಟು ಅರ್ಥ ಆಯ್ತು, ಅಷ್ಟೇ ಸಾಕಾಯ್ತು. ಆದರೆ ಆ ಸಬ್‌ಸ್ಟಿಟ್ಯೂಷನ್ ಇದೆಯಲ್ಲ, ಅದು ನಮ್ಮ ಹತ್ತು ಜನರಲ್ಲಿ ಒಬ್ಬರಿಗೂ ಹೊಳೀತಿರಲಿಲ್ಲ.”

ಅವರಿಬ್ಬರು ಜೀವಮಾನದಲ್ಲಿ ಒಬ್ಬ ಮ್ಯಾನೇಜರ್ ಬಗ್ಗೆ ಒಂದೇ ಮಾತು ಆಡಿದ್ದು ಅದೇ ಮೊದಲು. ನಿಜ ಹೇಳಿಬಿಡೋಣ ಅಂತ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಯಾರೋ ಬಂದು ಕೈ ಕುಲುಕಿದರು. ಮುಚ್ಚಿಕೊಂಡೆ.

ಗೆದ್ದವರ ಕಪ್ಪು ಕೊಟ್ಟು, ಫೋಟೋ ಎಲ್ಲಾ ಆಗುವ ಹೊತ್ತಿಗೆ ನಮ್ಮ ಯಜಮಾನರು ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ಬೆವರು ಸುರಿಸುತ್ತಾ ಪಾರ್ಕಿನೊಳಗೆ ಓಡಿ ಬಂದರು. ಲೆಫ್ಟ್ ಲೇನ್ ಬಿಟ್ಟಿರಲಿಲ್ಲ, ಎಲ್ಲೂ ನಿಂತಿರಲಿಲ್ಲ, ಎಕ್ಸಿಟ್ಟೂ ತಪ್ಪಿಸಿರಲಿಲ್ಲ. ಇನ್‌ಸ್ಪೆಕ್ಟರು ಅವರನ್ನು ನಡುದಾರಿಯಲ್ಲೇ ನಿಲ್ಲಿಸಿದರು.

“ಸರ್, ನೀವು ಇರಬೇಕಿತ್ತು! ಹಾಫ್ ಟೈಮಲ್ಲಿ ನಿಮ್ಮ ಮನೆಯವರು ಏನು ಮಾತಾಡಿದರು ಅಂತೀರಿ! ಪೂರ್ತಿ ನಿಮ್ಮ ಭಾಷೆಯಲ್ಲಿ. ನಮಗೆ ಅರ್ಥ ಆಗಿದ್ದು ನಾಲ್ಕೇ ಪದ. ನೀವು ಕೇಳಿಸಿಕೊಂಡಿದ್ದರೆ ನಮಗೆ ಹೇಳಬಹುದಿತ್ತು.”

ಯಜಮಾನರು ನನ್ನ ಕೈಯಲ್ಲಿದ್ದ ಕಪ್ಪು ನೋಡಿದರು. ನನ್ನ ಮುಖ ನೋಡಿದರು. ಡಬ್ಬಿ ನಿಧಾನಕ್ಕೆ ಕೆಳಗಿಟ್ಟರು.

“ಕೇಳಿಸಿಕೊಂಡೆ ಸರ್, ಒಂದಕ್ಷರ ಬಿಡದೆ,” ಅಂದರು. “ಆಗ ನಾನು ವಿಟ್ಬಿಯಲ್ಲಿದ್ದೆ. ಅಲ್ಲಿಗೂ ಚೆನ್ನಾಗೇ ಕೇಳಿಸ್ತು.”